ಅಪ್ಪಣೆ ಕೇಳಲು ಹೋದ ಮಧ್ಯಾಹ್ನ

ಮೈಮೇಲೆ ದೇವರು ಬರುತ್ತದೆ ಎಂದರೆ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ಎಂಟು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ಬಾಣಂತನಕ್ಕೆ ತವರು ಶೀಳನೆರೆಗೆ ಬಂದಿದ್ದೆ. ಮಗುವಿಗೆ ಎರಡು ತಿಂಗಳು. ನನಗೆ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ, ಮಗು ಅತ್ತರೆ ಯಾರದೋ ಮಗು ಅತ್ತ ಹಾಗೆ. ಗಂಡು ಹೆತ್ತವಳಿಗೆ ಇನ್ನೇನು ಕೊರತೆ ಎಂದು ನೋಡಲು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಕೊನೆಗೆ ಅವ್ವನೊಬ್ಬಳಿಗೆ ಹೇಳಿಕೊಂಡೆ. ಅವಳು ಗುಟ್ಟಾಗಿ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೆರಿಗೆಯಾದವರಿಗೆ ಹೀಗಾಗುವುದುಂಟು, ವಾಸಿಯಾಗುತ್ತದೆ ಎಂದು ಅವರು ಮಾತ್ರೆ ಕೊಟ್ಟರು. ಯಾರಿಗೂ ಹೇಳುವುದಿಲ್ಲ ಎಂದು ಅವ್ವ ನನ್ನ ತಲೆ ಮುಟ್ಟಿ ಆಣೆ ಮಾಡಿದಳು.

ಹದಿನೈದು ದಿನವಾದ ಮೇಲೆ ಒಂದು ಶುಕ್ರವಾರ, ದೇವಲಾಪುರದ ಕಡೆ ಹಣ್ಣುಕಾಯಿ ಮಾಡಿಸಿಕೊಂಡು ಬರೋಣ ಅಂದಳು. ಬಸ್ಸಿಳಿದು ಹೋದರೆ ಗುಡಿಯಲ್ಲ, ಮೈಮೇಲೆ ದೇವರು ಬಂದು ಅಪ್ಪಣೆ ಕೊಡುವ ಹೆಂಗಸಿನ ಮನೆ. ಜಗಲಿಯ ಮೇಲೆ ನನ್ನ ಅತ್ತೆ ಕೂತಿದ್ದರು.

ಹೆಂಗಸು ಬೇವಿನ ಸೊಪ್ಪು ಹಿಡಿದು ಮೈದುಂಬಿದಳು. ಗಾಳಿ ಸೋಕಿದೆ ಎಂದಳು. ಮಗು ಎತ್ತಿಕೊಳ್ಳಲು ಇವಳಿಗೆ ಭಯ, ಹಿತ್ತಿಲಲ್ಲಿ ಕೂತು ಅಳುತ್ತಾಳೆ ಎಂದು, ನಾನು ಅವ್ವನಿಗೆ ಹೇಳಿದ್ದ ಮಾತುಗಳನ್ನೇ ಒಂದೂ ಬಿಡದೆ ಒಪ್ಪಿಸಿದಳು. ಇದು ಮಾತ್ರೆಗೆ ಬಗ್ಗುವುದಲ್ಲ, ಮಾತ್ರೆಗಳನ್ನು ನಾಲೆಗೆ ಎಸೆಯಿರಿ, ಗಾಳಿ ಮತ್ತೆ ಸೋಕದ ಹಾಗೆ ಮೂರು ಅಮಾವಾಸ್ಯೆ ತಡೆ ಕಟ್ಟಿಸಿ. ಅತ್ತೆ ಕೈಮುಗಿದು ತಲೆಯಾಡಿಸುತ್ತಿದ್ದರು. ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

“ಗಾಳಿ ಅಂದ್ರೆ ನಿಮ್ಮತ್ತೆ ಬುಡ್ಸಿ ಕರ್ಕೊಂಡೋಯ್ತಾರೆ ಕಣವ್ವ. ತಲೆ ಕೆಟ್ಟದೆ ಅಂದ್ರೆ ನಿನ್ನ ಇಲ್ಲೇ ಬುಟ್ಬುಡ್ತಾರೆ.”

ಆ ಹೆಂಗಸಿಗೆ ಎಲ್ಲ ಹೇಳಿಕೊಟ್ಟವಳು ಅವ್ವನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು?

ಕಾಯಿ ಒಡೆಸಲು ಅವರಿಬ್ಬರೂ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು. ಒಳಗೆ ನಾನು, ಆ ಹೆಂಗಸು. ಆಕೆ ಕಣ್ಣು ಮುಚ್ಚಿಕೊಂಡೇ ನನ್ನ ಮುಂಗೈ ಹಿಡಿದಳು. ದನಿ ಇಳಿದಿತ್ತು.

“ಬಾವಿ ತಾವ್ಕೆ ಓಗ್ಬ್ಯಾಡ ಕಣವ್ವ. ಮಾತ್ರೆ ಬುಡ್ಬ್ಯಾಡ.”

ಹಿಂದಿನ ವಾರ ಎರಡು ಸಲ ನಾನು ನಮ್ಮ ತೋಟದ ಬಾವಿಯ ತನಕ ಹೋಗಿ ವಾಪಸ್ಸು ಬಂದಿದ್ದೆ. ಅದನ್ನು ಅವ್ವನಿಗೂ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ.

ಮಾತ್ರೆಗಳನ್ನು ಬಿಡಿಸಿಟ್ಟುಕೊಂಡು, ಎಲ್ಲರೆದುರು ಖಾಲಿ ಮಾತ್ರೆ ಹಾಳೆಯನ್ನು ನಾಲೆಗೆ ಎಸೆದೆ. ಕದ್ದು ನುಂಗಿದೆ. ತಿಂಗಳುಗಳೇ ಹಿಡಿದರೂ ವಾಸಿಯಾದೆ. ತಡೆ ಕಟ್ಟಿಸಿದ್ದರಿಂದಲೇ ಆಯಿತು ಎಂದು ಅವ್ವ ಇವತ್ತಿಗೂ ಊರೆಲ್ಲ ಹೇಳುತ್ತಾಳೆ.

ಮುಂದಿನ ವರ್ಷ ಒಬ್ಬಳೇ ಹೋಗಿ, ಬಾವಿಯ ವಿಷಯ ಹೇಗೆ ಗೊತ್ತಾಯಿತು ಎಂದು ಆ ಹೆಂಗಸನ್ನು ಕೇಳಿದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. ಮೈದುಂಬಿದಾಗ ಆಡಿದ್ದು ತನಗೆ ನೆನಪಿರುವುದಿಲ್ಲ ಎಂದಳು. ನಿಜವೋ ನಟನೆಯೋ, ನನ್ನಂಥ ಎಷ್ಟು ಬಾಣಂತಿಯರನ್ನು ಕಂಡಿದ್ದಳೋ, ಗೊತ್ತಿಲ್ಲ. ನನ್ನ ಹೆಸರೂ ಕೇಳದವಳಿಗೆ ಅದು ಹೇಗೆ ತಿಳಿಯಿತು ಎಂದು ಯೋಚಿಸಿ ಸಾಕಾಗಿದೆ. ಒಂದೇ ಚಾಪೆಯ ಮೇಲೆ ನನ್ನ ಪಕ್ಕ ಮಲಗುತ್ತಿದ್ದ ಅವ್ವನಿಗೆ ಯಾಕೆ ತಿಳಿಯಲಿಲ್ಲ ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.