ಗೊದಡಿಯ ಹೊಟ್ಟೆ

ಹರಿದ ಬಟ್ಟೆಗೆ ಗಾಜಿನ ಪೆಟ್ಟಿಗೆ ಮಾಡಿಸಿ, ಮೇಲೊಂದು ಮಂದ ದೀಪ ಹಾಕಿ, ಬಾಗಿಲಲ್ಲಿ ಟಿಕೆಟ್ ಹರಿಯುವ ಊರೊಂದಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಜಪಾನಿನ ಉತ್ತರದ ಆ ಸಣ್ಣ ಮೀನುಗಾರರ ಪಟ್ಟಣದಲ್ಲಿ ಅದನ್ನು ಕಣ್ಣಾರೆ ಕಂಡು ತೆರೆದ ಬಾಯಿ ಮುಚ್ಚಲಿಲ್ಲ. ತೇಪೆಯ ಮೇಲೆ ತೇಪೆ, ಅದರ ಮೇಲೆ ಇನ್ನೊಂದು ತೇಪೆ. ಮೂಲ ಬಟ್ಟೆ ಯಾವುದೆಂದು ಹೊಲಿದವಳಿಗೂ ಮರೆತಿರಬೇಕು. ನಮ್ಮ ಕಡೆ ಇಂಥ ಹೊದಿಕೆಯನ್ನು ನೆಂಟರು ಬರುತ್ತಾರೆಂದು ಗೊತ್ತಾದ ಕೂಡಲೇ ಮಂಚದ ಅಡಿಗೆ ತಳ್ಳುತ್ತೇವೆ. ಅಲ್ಲಿ ಜನ ಸಾಲಾಗಿ ನಿಂತು, ಪಿಟ್ಟೆನ್ನದೆ ನೋಡುತ್ತಿದ್ದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ನನಗೆ ಸಿಟ್ಟೇ ಬಂತು. ಚಳಿಯಲ್ಲಿ ಅದನ್ನು ಹೊದ್ದು ಮಲಗಿದವರನ್ನು ಆಗ ಯಾರು ಕೇಳಿದ್ದರು?

ನಾನು ಕೋಟದವಳು. ಗೊದಡಿ ಹೊಲಿಯುವುದು ನನ್ನ ಕೆಲಸ. ಉತ್ತರ ಕರ್ನಾಟಕದವರು ಕೌದಿ ಎನ್ನುವುದನ್ನೇ ನಮ್ಮ ಮನೆಯಲ್ಲಿ ಗೊದಡಿ ಎನ್ನುವುದು. ಬ್ರಹ್ಮಾವರದಲ್ಲಿ ಟೈಲರಿಂಗ್ ಕಲಿತು, ಹತ್ತಾರು ವರ್ಷ ಬ್ಲೌಸ್ ಹೊಲಿದು, ಹೆಂಗಸರ ತೋಳಿನ ಅಳತೆಯಲ್ಲೇ ಆಯುಷ್ಯ ಮುಗಿಯುತ್ತದೇನೋ ಎಂದು ಬೇಸತ್ತಾಗ ಅಮ್ಮನ ಗೊದಡಿ ಕೆಲಸಕ್ಕೆ ಕೈ ಹಾಕಿದೆ. ನಾನು ಹೊಲಿದ ಗೊದಡಿಗಳ ಫೋಟೊಗಳು ಫೋನಿನಿಂದ ಫೋನಿಗೆ ಹಾರಿ ಜಪಾನಿನ ಒಬ್ಬ ಹೆಂಗಸಿಗೆ ಮುಟ್ಟಿದವು. ಎಪ್ಪತ್ತರ ಆಸುಪಾಸಿನ ಆಕೆ ಆ ಪಟ್ಟಣದ ಬಟ್ಟೆ ಸಂಗ್ರಹಾಲಯವನ್ನು ನೋಡಿಕೊಳ್ಳುವವಳು. ಬೇರೆ ಬೇರೆ ದೇಶದ ಹೊಲಿಗೆಯವರನ್ನು ಎರಡು ವಾರ ಕರೆಸಿ, ಒಬ್ಬರ ಕೈಕೆಲಸ ಇನ್ನೊಬ್ಬರು ನೋಡುವ ಹಾಗೆ ಮಾಡುತ್ತಾಳೆ. ಒಂದೇ ಷರತ್ತು: ನಿಮ್ಮ ಮನೆಯ ಹಳೆಯ ಹೊದಿಕೆಯೊಂದನ್ನು ತರಬೇಕು, ಅಂಗಡಿಯದ್ದು ಆಗದು.

ನನ್ನ ಹತ್ತಿರ ಇದ್ದದ್ದು ಒಂದೇ. ನನಗೆ ಹದಿನೇಳು ವರ್ಷವಿದ್ದಾಗ ಅಮ್ಮ ಹೊಲಿದು ಕೊಟ್ಟದ್ದು. ನೇರಳೆ ಸೀರೆಯ ಮೇಲ್ಮೈ, ಹಳದಿ ಅಂಚು. ಮದುವೆಯಾಗಿ ಬರುವಾಗಲೂ ಅದು ನನ್ನ ಜೊತೆ ಬಂತು. ಮಗಳನ್ನೂ ಅದರಲ್ಲೇ ಸುತ್ತಿ ಮಲಗಿಸಿದ್ದೇನೆ. ಈಗ ನನ್ನ ಜೊತೆಗೇ ಇರುವ ಅಮ್ಮ ಅದನ್ನು ಸೂಟ್‌ಕೇಸಿಗೆ ತುಂಬುವುದನ್ನು ನೋಡಿ ಅಡುಗೆಮನೆಯಿಂದ ಎದ್ದು ಬಂದಳು.

"ಹೆಣೆ, ಅದೊಂದ್ ಬ್ಯಾಡ. ಬೇರೆ ಎಂತಾರೂ ತಕಂಡ್ ಹೋಗ್."

"ಹಳೇದೇ ಆಯ್ಕ್ ಅಂಬ್ರ್ ಅಮ್ಮ. ಹಳೇದ್ ಇದೊಂದೇ ಇಪ್ಪುದ್."

ಅಮ್ಮ ಸ್ವಲ್ಪ ಹೊತ್ತು ಅದರ ಅಂಚನ್ನು ಬೆರಳಲ್ಲಿ ತಿಕ್ಕುತ್ತಾ ನಿಂತಳು. "ತಕಂಡ್ ಹೋಗ್. ಆರೆ ಬಿಚ್ಚುಕಾಗ. ಯಾರೇ ಹೇಳ್ಲಿ, ಬಿಚ್ಚುಕಾಗ" ಎಂದಳು. ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟೆ.

ಇದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ನಮ್ಮ ಮನೆಯ ಗೊದಡಿಯಲ್ಲಿ ಹೊರಗೆ ಕಾಣುವ ಸೀರೆ ಮೈ, ಒಳಗೆ ಪದರ ಪದರವಾಗಿ ಹಾಸುವ ಹಳೆ ಬಟ್ಟೆ ಹೊಟ್ಟೆ. ಹೊಟ್ಟೆಯನ್ನು ಮನೆಯ ಹಿರಿಯ ಹೆಂಗಸು ಒಬ್ಬಳೇ ಬಾಗಿಲು ಹಾಕಿಕೊಂಡು ಹಾಸಬೇಕು. ಮೇಲಿನ ಸೀರೆ ಮುಚ್ಚಿದ ಮೇಲೆ ಉಳಿದವರು ಸೂಜಿ ಹಿಡಿದು ಕೂರಬಹುದು. ಒಳಗೆ ಏನು ಹಾಕಿದಿರಿ ಎಂದು ಕೇಳುವ ಹಾಗಿಲ್ಲ. ಚಿಕ್ಕಂದಿನಲ್ಲಿ ಕೇಳಿ ಒಮ್ಮೆ ತಲೆಗೆ ಮೊಟಕಿಸಿಕೊಂಡಿದ್ದೆ. ಹರಕು ಲಂಗ, ಒಳಬಟ್ಟೆ, ಏನೇನೋ ಇರುತ್ತದೆ, ಮರ್ಯಾದೆಗೆ ಹೀಗೊಂದು ಕಟ್ಟಳೆ ಎಂದು ನಾನು ಲೆಕ್ಕ ಹಾಕಿದ್ದೆ. ಅಪ್ಪಿತಪ್ಪಿಯೂ ಬೇರೆ ಕಾರಣ ಹೊಳೆದಿರಲಿಲ್ಲ.

ಜಪಾನಿನ ಆ ಊರಿನಲ್ಲಿ ದಿನಕ್ಕೊಂದು ಆಘಾತ. ಮೀನು ಮಾರುಕಟ್ಟೆಗೆ ಹೋದರೆ ಗದ್ದಲವೇ ಇಲ್ಲ, ಒಂದು ನೊಣವೂ ಇಲ್ಲ. ಅಮ್ಮ ನಲವತ್ತು ವರ್ಷ ಬುಟ್ಟಿ ಹೊತ್ತು ಕೂಗಿ ಕೂಗಿ ಮೀನು ಮಾರಿದವಳು, ಇಲ್ಲಿಗೆ ಬಂದಿದ್ದರೆ ಯಾರೋ ತೀರಿಹೋಗಿದ್ದಾರೆ ಎಂದುಕೊಳ್ಳುತ್ತಿದ್ದಳು. ಸಂಗ್ರಹಾಲಯದ ಆಕೆಗೂ ನನಗೂ ನಡುವೆ ಮಾತನಾಡುತ್ತಿದ್ದದ್ದು ಒಂದು ಫೋನು. ಆಕೆ ಏನೋ ಹೇಳುವಳು, ಫೋನು ಪಠ್ಯಪುಸ್ತಕದ ಕನ್ನಡದಲ್ಲಿ, "ದಯವಿಟ್ಟು ತಮ್ಮ ಪಾದರಕ್ಷೆಗಳನ್ನು ಈ ಸ್ಥಳದಲ್ಲಿ ಇರಿಸಿರಿ" ಎನ್ನುವುದು. ನಾನು ಕುಂದಾಪ್ರ ಕನ್ನಡದಲ್ಲಿ ಉತ್ತರ ಕೊಟ್ಟರೆ ಅದಕ್ಕೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಶಾಲೆಯ ಮೇಷ್ಟ್ರ ಎದುರು ಮಾತನಾಡುವಂತೆ ಬಾಯಿ ತಿದ್ದಿಕೊಂಡು ಎರಡು ವಾರ ಕಳೆದೆ.

ಒಂಬತ್ತನೆಯ ದಿನ ನನ್ನ ಗೊದಡಿಯ ಸರದಿ. ನಾನು ಜಂಬದಿಂದಲೇ ಹೇಳಿದೆ, ಇದರ ಒಳಗಿರುವುದೆಲ್ಲ ನನ್ನ ಅಮ್ಮ ಮತ್ತು ಅಜ್ಜಿಯ ಹತ್ತಿ ಸೀರೆಗಳು, ಬೇರೇನೂ ಇಲ್ಲ. ನೋಡದೆ ಹೇಳಿದ ಮಾತು. ಆಕೆ ತಲೆಬಾಗಿಸಿ, ಗೊದಡಿಯನ್ನು ಕೂಸನ್ನು ಮಲಗಿಸುವ ಹಾಗೆ ಒಂದು ಗಾಜಿನ ಮೇಜಿನ ಮೇಲೆ ಹಾಸಿದಳು. ಮೇಜಿನ ಕೆಳಗಿನಿಂದ ದೀಪ ಹಾಕಿದಳು.

ನೇರಳೆ ಸೀರೆ ತೆಳುವಾಗಿ, ಒಳಗಿನದೆಲ್ಲ ಮೇಲೆ ಬಂತು. ಸೀರೆಯ ಅಂಚುಗಳು, ಮಡಿಕೆಗಳು. ನಟ್ಟನಡುವೆ, ಮಲಗಿದವರ ಎದೆ ಬರುವ ಜಾಗದಲ್ಲಿ, ಎರಡು ತೋಳು, ಒಂದು ಕಾಲರು, ಒಂದು ಜೇಬು. ಕತ್ತರಿಸದೆ ಇಡಿಯಾಗಿ ಹಾಸಿದ ಗಂಡಸರ ಅಂಗಿ.

ನಮ್ಮ ಮನೆಯಲ್ಲಿ ಗಂಡಸರ ಅಂಗಿ ಇರಲು ಸಾಧ್ಯವೇ ಇರಲಿಲ್ಲ.

ಅಪ್ಪ ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ, ಅಲ್ಲಿ ಅವರಿಗೆ ಇನ್ನೊಂದು ಸಂಸಾರವಿದೆ ಎಂಬ ಸುದ್ದಿ ಬಂತು. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಅಂಗಳದಲ್ಲಿ ತೆಂಗಿನ ಮಡಲು ರಾಶಿ ಹಾಕಿ, ಮನೆಯಲ್ಲಿದ್ದ ಅಪ್ಪನ ಬಟ್ಟೆಯನ್ನೆಲ್ಲ ಅದರ ಮೇಲಿಟ್ಟು ಬೆಂಕಿ ಕೊಟ್ಟಳು. ಕೇರಿಯವರೆಲ್ಲ ಬೇಲಿಯಾಚೆ ನಿಂತು ನೋಡಿದರು. ಕೊನೆಯ ಪಂಚೆಯನ್ನು ಬೆಂಕಿಗೆ ದೂಡಿದವಳು ನಾನು. ಅಂದಿನಿಂದ ನಮ್ಮ ಮನೆಯಲ್ಲಿ ಅಪ್ಪ ಎಂಬ ಮಾತು ಇರಲಿಲ್ಲ.

ಮತ್ತೆ ಎಂಟು ವರ್ಷದ ಮೇಲೆ ಒಂದು ಮಧ್ಯಾಹ್ನ ಅವರು ಬಂದರು. ಅಮ್ಮ ಮೀನು ಮಾರಲು ಹೋಗಿದ್ದಳು, ಮನೆಯಲ್ಲಿ ನಾನೊಬ್ಬಳೇ. ಮೈ ಸೊರಗಿತ್ತು. ಎಡ ಭುಜದಲ್ಲಿ ಅಂಗಿ ಹರಿದು ಜೋತಾಡುತ್ತಿತ್ತು.

"ಅಮ್ಮ ಇದ್ಲಾ ಮಗಾ?"

"ನಿಮ್ಗೆ ಇಲ್ಲ್ ಯಾರೂ ಇಲ್ಲೆ" ಎಂದೆ.

"ಆಯ್ತ್. ಒಂಚೂರ್ ನೀರ್ ಕೊಡ್ತ್ಯಾ?"

ನಾನು ಕೊಡಲಿಲ್ಲ. ಗೇಟಿನ ಚಿಲಕ ಹಾಕಿ ಒಳಗೆ ಬಂದೆ. ದಾರಿಹೋಕರಿಗೂ ನೀರಿನ ಜೊತೆ ಬೆಲ್ಲ ಇಟ್ಟು ಕೊಡುವ ಊರು ನಮ್ಮದು. ನಾನು ಅಮ್ಮನ ಪರ ನಿಂತೆ ಎಂದು ಎದೆಯುಬ್ಬಿಸಿಕೊಂಡಿದ್ದೆ, ಆದರೆ ಆ ಸಂಜೆ ಅಮ್ಮನಿಗೆ ಹೇಳಲು ನಾಲಿಗೆ ಏಳಲಿಲ್ಲ. ವಾರದೊಳಗೆ ಅವರು ಬೈಂದೂರಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಮಾರನೆ ಬೆಳಿಗ್ಗೆ ಅಮ್ಮ ಎಂದಿನಂತೆ ಬುಟ್ಟಿ ಹೊತ್ತು ಹೊರಟಳು. ಎಂಥ ಗಟ್ಟಿ ಹೆಂಗಸು ಎಂದು ನಾನು ಬೆರಗಾಗಿದ್ದೆ. ನೀರಿನ ಮಾತನ್ನು ಅಂದಿನಿಂದ ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಮೇಜಿನ ದೀಪದಲ್ಲಿ ಆ ಅಂಗಿಯ ಎಡ ಭುಜ ಮಾತ್ರ ಕಪ್ಪಗೆ, ದಪ್ಪಗೆ ಕಾಣುತ್ತಿತ್ತು.

ಕತ್ತರಿ ಕೊಡಿ ಎಂದೆ. ಆಕೆ ನನ್ನ ಮುಖ ನೋಡಿ ಬೇಡವೆಂಬಂತೆ ಕೈ ಆಡಿಸಿದಳು. ಫೋನು, "ಇದು ತಮ್ಮ ತಾಯಿಯವರ ಹೊಲಿಗೆ, ತಮಗೆ ಖಚಿತವಿದೆಯೇ?" ಎಂದು ಕೇಳಿತು. ಖಚಿತ ಎಲ್ಲಿಂದ ಬರಬೇಕು. ಕೊಟ್ಟ ಮಾತು ಮುರಿದು, ಆ ಭುಜದ ಮೇಲಿನ ಹೊಲಿಗೆಯನ್ನು ನಾಲ್ಕು ಬೆರಳಿನಷ್ಟು ಬಿಚ್ಚಿದೆ.

ಕಾಫಿ ಬಣ್ಣ, ಹಸಿರು ಗೀರು. ಅದೇ ಅಂಗಿ. ಗೇಟಿನಾಚೆ ನಿಂತಿದ್ದ ಅಂಗಿ. ಹರಿದ ಜಾಗಕ್ಕೆ ರಫು ಹಾಕಿತ್ತು. ಆ ರಫು ಯಾರದೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಅಮ್ಮ ಕಡಲತಡಿಯ ಕೋಡಿ ಎಂಬ ಊರಿನ ತವರುಮನೆಯಲ್ಲಿ ಸೂಜಿಗಿಂತ ಮೊದಲು ಬಲೆ ಹೆಣೆಯುವುದನ್ನು ಕಲಿತವಳು. ಬಟ್ಟೆಗೆ ರಫು ಹಾಕಿದರೂ ಬಲೆಯ ಕಣ್ಣಿನ ಹಾಗೆ ಒಂದೊಂದಕ್ಕೂ ಸಣ್ಣ ಗಂಟು ಹಾಕುತ್ತಾಳೆ. ನನ್ನ ಟೈಲರಿಂಗ್ ಟೀಚರು ಅದನ್ನು ನೋಡಿ, ಇದರಲ್ಲಿ ಬಂಗುಡೆ ಹಿಡಿಯಲಿಕ್ಕಾ ಎಂದು ನಕ್ಕಿದ್ದರು. ಆ ಗಂಟುಗಳು ಅಲ್ಲಿದ್ದವು, ಸಾಲಾಗಿ.

ನಾನು ಅಟ್ಟಿದ ಮೇಲೆ ಅಮ್ಮ ಅವರನ್ನು ಕಂಡಿದ್ದಳು. ಅವರು ಬಾಯಿಬಿಟ್ಟು ಎಲ್ಲ ಹೇಳಿದ್ದರೆ? ಮೂವತ್ತು ವರ್ಷದಿಂದ ಅಮ್ಮನಿಗೆ ಎಲ್ಲ ಗೊತ್ತಿದ್ದೂ ನನಗೆ ಅನ್ನ ಬಡಿಸುತ್ತಿದ್ದಳೇ? ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಜಪಾನಿನ ಆಕೆ ಫೋನನ್ನು ಬದಿಗಿಟ್ಟು ನನ್ನ ಪಕ್ಕದಲ್ಲಿ ಕೂತಳು. ಉಳಿದ ದಿನಗಳಲ್ಲಿ ಏನು ಕಲಿತೆ, ಏನು ಕಲಿಸಿದೆ ಎಂದು ಕೇಳಿದರೆ ನನಗೆ ನೆನಪಿಲ್ಲ. ಬಿಚ್ಚಿದ ನಾಲ್ಕು ಬೆರಳನ್ನು ಅಮ್ಮನ ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಮುಚ್ಚಿದೆ. ಯಾರಿಗೂ ಗೊತ್ತಾಗದು ಎಂದು ನನಗೆ ಪೂರ್ತಿ ನಂಬಿಕೆಯಿತ್ತು. ನನ್ನ ಕಸುಬಿನ ಮೇಲಿನ ಸೊಕ್ಕು.

ಮನೆಗೆ ಬಂದ ದಿನ ಅಮ್ಮ ಜಪಾನು ಹೇಗಿತ್ತು ಎಂದು ಕೇಳಲಿಲ್ಲ. ಗೊದಡಿ ತೆಗೆಸಿ ಜಗಲಿಯಲ್ಲಿ ಹಾಸಿದಳು. ಕನ್ನಡಕವನ್ನೂ ಹಾಕದೆ, ಅಂಗೈ ಮಾತ್ರ ಸವರಿಕೊಂಡು ಹೋದಳು. ಎಡ ಭುಜದ ಹತ್ತಿರ ಕೈ ನಿಂತಿತು.

"ಈ ನಾಕ್ ಬೆರಳ್ ನನ್ ಕೈ ಅಲ್ಲ" ಎಂದಳು. "ಬಿಚ್ಚಿದ್ಯಾ?"

ಹೌದೆಂದು ತಲೆಯಾಡಿಸಿದೆ. ಇನ್ನು ಅಡಗಿಸಿಡುವುದು ನನ್ನಿಂದಾಗಲಿಲ್ಲ. "ಅಮ್ಮ, ಅಪ್ಪ ಬಂದಿದ್ರ್. ನಾನೇ ಓಡ್ಸಿದ್" ಎಂದು ಹೇಗೋ ಉಸುರಿದೆ.

"ಗೊತ್ತಿತ್ತ್. ಕೋಟದ್ ಬಸ್ ಸ್ಟಾಪಂಗೆ ಕೂಕಂಡಿದ್ರ್. ನಾನ್ ಬುಟ್ಟಿ ಹೊತ್ಕಂಡ್ ಬಪ್ಪತಿಗೆ ಕಂಡದ್. ಹೋಟೆಲಿಗೆ ಕರ್ಕಂಡ್ ಹೋದೆ. ಅಂಗಿ ಹರ್ದಿತ್ತಲೆ, ಕೊಡಿ, ಹೊಲ್ದ್ ಇಡ್ತೆ ಅಂದೆ. ಚೀಲದೊಳ್ಗೆ ಇದ್ದ್ ಬೇರೆ ಅಂಗಿ ಹಾಯ್ಕಂಡ್ ಬೈಂದೂರಿಗೆ ಹೋರ್. ಸೋಮವಾರ ಬತ್ತೆ ಅಂದಿದ್ರ್."

ಸೋಮವಾರ ಅವರು ಬರಲಿಲ್ಲ. ಅಂಗಿ ರಫು ಹಾಕಿ, ಮಡಿಸಿ, ತಯಾರಾಗಿತ್ತು.

"ನನ್ನ್ ವಿಷಯ ಎಂತ ಹೇಳ್ರ್?" ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಮಗ್ಳ್ ದೊಡ್ಡದಾಯ್ತ್, ನೀರ್ ಬೆಲ್ಲ ಎಲ್ಲ ಕೊಟ್ಲ್ ಅಂದ್ರ್."

ನಾನು ದಂಗಾಗಿ ಅಮ್ಮನ ಮುಖ ನೋಡಿದೆ. "ಕೊಡ್ಲಿಲ್ಲೆ ಅಮ್ಮ" ಎಂದೆ. ಆ ಎರಡು ಮಾತಿಗೆ ಮೂವತ್ತು ವರ್ಷ ಬೇಕಾಯಿತು.

"ಅದೂ ಗೊತ್ತಿತ್ತ್" ಎಂದಳು ಅಮ್ಮ, ದನಿ ಎತ್ತದೆ. "ಮನಿಯಂಗೆ ನೀರ್ ಕುಡ್ದ್ ಬಂದವ್ರ್ ಹೋಟೆಲಂಗೆ ಮೂರ್ ಲೋಟ ನೀರ್ ಕುಡೀತ್ರಾ?"

ಹೊರಗೆ ಹೈವೇಯಲ್ಲಿ ಬಸ್ಸೊಂದು ಹಾರ್ನ್ ಹಾಕಿಕೊಂಡು ಹೋಯಿತು. ನನಗೆ ಅಳುವಿನ ಜೊತೆ ಸಿಟ್ಟೂ ಬಂತು, ಅಮ್ಮನ ಮೇಲೆ, ಸತ್ತವರ ಮೇಲೆ, ನನ್ನ ಮೇಲೆ. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಒಂದು ದಿನ ಬಾಯಿ ಬಿಡಲಿಲ್ಲ, ಆ ಅಂಗಿಯನ್ನು ನನ್ನ ಗೊದಡಿಗೇ ಯಾಕೆ ಹಾಕಿದೆ, ಬೈಯಬಾರದಿತ್ತೇ, ಎರಡು ಹೊಡೆಯಬಾರದಿತ್ತೇ ಎಂದು ಕಿರುಚಿದೆ.

ಅಮ್ಮ ನಾನು ಹೊಲಿದ ನಾಲ್ಕು ಬೆರಳಿನ ನೂಲನ್ನು ಉಗುರಿನಿಂದ ಎಬ್ಬಿಸಿ ಎಳೆಯತೊಡಗಿದಳು. ತಲೆ ಎತ್ತದೆ ಕೇಳಿದಳು.

"ಹೇಳಿದ್ರೆ ನೀ ಇದನ್ನ್ ಹೊದ್ಕಂತಿದ್ಯಾ?"