ತಲೆಯ ಬ್ಯಾನಿಗೆ ಬೆನ್ನಿಗೆ ಸೂಜಿ

೧೯೪೮ರಲ್ಲಿ ನಾನು ಜೇವರ್ಗಿಯ ದವಾಖಾನೆಯಲ್ಲಿ ಡಾಕ್ಟರನಾಗಿದ್ದೆ. ನೆಲೋಗಿಯ ರೈತ ಮಹಬೂಬಸಾಬ ತನ್ನ ಹೆಂಡತಿ ಜೈನಬಿಯನ್ನು ಬಂಡಿಯಲ್ಲಿ ಕರೆತಂದ. ಮೆದುಳಿನ ಪೊರೆಗೆ ಸೋಂಕು ತಗಲಿ ಆಕೆಯ ಕುತ್ತಿಗೆ ಸೆಟೆದಿತ್ತು, ಎಚ್ಚರವಿರಲಿಲ್ಲ. ಎರಡು ದಿನ ತೋಳಿಗೆ ಪೆನಿಸಿಲಿನ್ ಕೊಟ್ಟೆ. ಗುಣ ಕಾಣಲಿಲ್ಲ.

"ಇನ್ನ ಬೆನ್ನಿಗೇ ಸೂಜಿ ಹಾಕಬೇಕು," ಎಂದೆ.

"ಬ್ಯಾನಿ ತಲ್ಯಾಗ ಅದ, ಬೆನ್ನಿಗ್ಯಾಕ್ರಿ?"

"ಮೆದುಳಿಗೆ ಕಾವಲಿನ ಪಡದೆ ಅದ. ರಕ್ತದಾಗಿನ ದವಾ ಸರಳ ಒಳಗ ಬಿಡಂಗಿಲ್ಲ. ಬೆನ್ನೆಲುಬಿನಾಗಿನ ನೀರು ಮೆದುಳಿನ ಸುತ್ತಾನೂ ಇರ್ತದ. ಅದರಾಗ ದವಾ ಬಿಡ್ತೇನಿ."

ಅವನು ನನ್ನ ಮುಖವನ್ನೇ ನೋಡಿದ. "ಮೊದಲ ಯಾರಿಗರೆ ಹಿಂಗ ಕೊಟ್ಟೀರೇನ್ರಿ?"

"ಇಲ್ಲ. ದೊಡ್ಡ ಡಾಕ್ಟರು ಕೊಡೋದು ನೋಡೇನಿ, ಅಷ್ಟ."

ಅವನು ಹೆಂಡತಿಯನ್ನು ಮಗ್ಗುಲಿಗೆ ಹೊರಳಿಸಿ, ಮೊಣಕಾಲು ಎದೆಗೆ ಒತ್ತಿ ಹಿಡಿದ. "ನಾ ಹಿಡಿದೇನಿ. ನೀವು ಕೈ ನಡುಗಿಸಬ್ಯಾಡ್ರಿ."

ಸೂಜಿಯಿಂದ ಮೊದಲು ಅಕ್ಕಿ ತೊಳೆದ ನೀರಿನಂಥ ಹನಿಗಳು ಬಂದವು. ಅದೇ ದಾರಿಯಲ್ಲಿ ಔಷಧವನ್ನು ಮೆಲ್ಲಗೆ ಒಳಗೆ ಬಿಟ್ಟೆ. ದಿನಕ್ಕೊಂದು ಸೂಜಿ. ನಾಲ್ಕನೆಯ ದಿನ ಬೆಳಿಗ್ಗೆ ಆಕೆ ಕಣ್ಣು ಬಿಟ್ಟು ನೀರು ಕೇಳಿದಳು. ಮಹಬೂಬಸಾಬ ಕೂತಲ್ಲೇ ಅತ್ತುಬಿಟ್ಟ. ಸೋಂಕಿನಿಂದ ಕೆಟ್ಟ ಆಕೆಯ ಎಡಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲ.

ಅವನು ಸುದ್ದಿಯನ್ನು ಊರಿಗೆಲ್ಲ ಹೇಳಿರಬೇಕು. ಅಲ್ಲಿಂದ ಮುಂದೆ ತಲೆನೋವೆಂದು ಬಂದವರೆಲ್ಲ ನನ್ನೆದುರು ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ಕೂರುತ್ತಿದ್ದರು.