ಸಹಿ ಕೊನೆಗೆ

ಬ್ಯಾಂಕಿನ ಕೆಲಸದಲ್ಲಿ ಠೇವಣಿ ಕೂಡಿಸಿ ಹೆಸರು ಪಡೆದವರಿದ್ದಾರೆ, ಸಾಲ ವಸೂಲಿ ಮಾಡಿ ಬಡ್ತಿ ಪಡೆದವರೂ ಇದ್ದಾರೆ. ಗ್ರಾಹಕರ ಕೈಗೆ ಪೆನ್ನು ಕೊಟ್ಟು ತಮ್ಮ ಕೈಯನ್ನು ಹಿಂದಕ್ಕೆಳೆದುಕೊಂಡು ಗೌರವ ಪಡೆದವರೆಂದರೆ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಶಾಖೆಯ ಹಿರಿಯ ಅಧಿಕಾರಿಣಿಯವರು. ಚೆಕ್ಕಿನಲ್ಲಿ ಮೊತ್ತ ಬರೆದು ಉಳಿದ ಜಾಗಕ್ಕೆ ಗೆರೆ ಎಳೆಯಿರಿ ಎಂದು ಹೇಳದೆ ಅವರು ಯಾರನ್ನೂ ಕಳಿಸಿದವರಲ್ಲ. ಹಾಗಾಗಿ ಊರಿಗೆಲ್ಲ ಅವರು ಗೆರೆ ಮೇಡಂ.

ಸೇವೆಯ ಮೊದಲ ವರ್ಷಗಳಲ್ಲಿ ಅವರ ಪಾಲಿಗೆ ಬಂದದ್ದು, ಪಾಸಾಗದ ಚೆಕ್ಕುಗಳನ್ನು ಲಕೋಟೆಗೆ ಹಾಕಿ ಹಿಂದಿರುಗಿಸುವ ಮೂಲೆ ಮೇಜು. ತಿದ್ದಿದ ತಾರೀಖು, ಅಕ್ಷರಕ್ಕೂ ಅಂಕಿಗೂ ತಾಳೆಯಾಗದ ಮೊತ್ತ, ಮರೆತುಹೋದ ಸಹಿ, ಇವನ್ನೇ ನೋಡಿ ನೋಡಿ, ಚೆಕ್ಕು ಬರೆಯುವಾಗ ಈ ಗ್ರಾಹಕರ ಮಗ್ಗುಲಲ್ಲಿ ಯಾರಾದರೂ ಕೂತಿರಬೇಕಿತ್ತು ಎನ್ನಿಸಿತಂತೆ. ಮುಂದೆ ಕೌಂಟರಿನ ಕೆಲಸಕ್ಕೆ ಬಂದವರೇ ಗಾಜಿನ ಆಚೆಗಿದ್ದ ಒಂದು ಸ್ಟೂಲನ್ನು ಈಚೆಗೆ ತರಿಸಿ ತಮ್ಮ ಪಕ್ಕದಲ್ಲಿ ಹಾಕಿಸಿಕೊಂಡರು.

ಆ ಸ್ಟೂಲಿನ ಮೇಲೆ ಒಂದು ಬೆಳಿಗ್ಗೆ ಬಂದು ಕೂತವಳು ಗುಡ್ಡದ ಕಡೆಯ ಕುರಿ ಸಾಕುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಂದೆಯೂ ಖಾತೆಯೂ ಅವಳ ಹೆಸರಿಗೆ ಬಂದಿದ್ದವು. ಚೆಕ್ ಪುಸ್ತಕ ಮಾತ್ರ ತನ್ನ ಹತ್ತಿರವಿರಲಿ ಎನ್ನುತ್ತಿದ್ದ ಮೈದುನ. ಪುಸ್ತಕ ಅವನ ಕೈಗೆ ಹೋದರೆ ಯಾವ ಕುರಿ ಮಾರಬೇಕು, ಯಾವುದನ್ನು ಕೊಳ್ಳಬೇಕು ಎಂಬ ಮಾತೂ ಅವನದೇ ಆಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬರೆಯುವುದನ್ನು ಕಲಿಸಿ ಎಂದು ಕೇಳಿ ಪುಸ್ತಕ ಬಿಚ್ಚಿದರೆ, ಒಂದು ಹಾಳೆಯೂ ಬಿಡದಂತೆ ಆಗಲೇ ಅವಳ ಸಹಿ ಬಿದ್ದಿತ್ತು. ಹೊಸ ಮರಿ ಮಂದೆಗೆ ಸೇರಿದ ದಿನವೇ ಕಿವಿಗೆ ಗುರುತು ಹಾಕುವವರು ಗುಡ್ಡದ ಜನ. ಗುರುತಿದ್ದುದನ್ನು ಬೇರೆಯವರು ತಮ್ಮದೆನ್ನುವಂತಿಲ್ಲ. ಅದೇ ಲೆಕ್ಕದಲ್ಲಿ ಅವಳು ಪುಸ್ತಕವನ್ನೂ ಭದ್ರ ಮಾಡಿದ್ದಳು.

ಜೊತೆಗೆ ಬಂದಿದ್ದ ಮೈದುನ, "ನೋಡಿ ಮೇಡಂ, ಅತ್ತಿಗೆ ಅರ್ಧ ಕೆಲಸ ಮುಗಿಸೇ ಬಂದಿದ್ದಾರೆ. ಉಳಿದದ್ದು ನಾನು ಬರ್ಕೋತೀನಿ ಬಿಡಿ," ಎಂದ. ಸಾಲಿನಲ್ಲಿದ್ದವರು ನಕ್ಕರು. ಮೇಡಂ ನಗಲೂ ಇಲ್ಲ, ಗದರಲೂ ಇಲ್ಲ.

"ಗುರುತಿರೋ ಕುರಿ ತಪ್ಪಿಸ್ಕೊಂಡ್ರೆ ನಿನ್ನ ಮನೆಗೇ ಬರುತ್ತೆ ಕಣಮ್ಮ. ಸಹಿ ಇರೋ ಖಾಲಿ ಚೆಕ್ಕು ಸಿಕ್ಕಿದವರ ಮನೆಗೆ ಹೋಗುತ್ತೆ. ಇದಕ್ಕೆ ಗುರುತು ಕೊನೆಗೆ."

ಪ್ರತಿ ಹಾಳೆಯ ಮೇಲೂ ರದ್ದು ಎಂದು ಅವಳ ಕೈಯಿಂದಲೇ ಬರೆಸಿ, ಹೊಸ ಪುಸ್ತಕಕ್ಕೆ ಅರ್ಜಿ ಹಾಕಿಸಿದರು. ಪುಸ್ತಕ ಬರುವವರೆಗೆ ಪ್ರತಿ ಸಂತೆಯ ದಿನವೂ ಪಾಠ: ಮೊದಲು ತಾರೀಖು, ಆಮೇಲೆ ಪಡೆಯುವವರ ಹೆಸರು, ಅಕ್ಷರದಲ್ಲಿ ಮೊತ್ತ, ಅದರ ಬೆನ್ನಿಗೇ ಗೆರೆ, ಅಂಕಿ, ಎಲ್ಲಕ್ಕೂ ಕೊನೆಗೆ ಸಹಿ. ನೀವೇ ಬರೆದುಕೊಟ್ಟರೆ ಎರಡು ನಿಮಿಷದ ಕೆಲಸವಲ್ಲವೇ ಎಂದು ಮ್ಯಾನೇಜರು ಗೊಣಗಿದಾಗ, "ಆಮೇಲೆ ಆಯುಷ್ಯವೆಲ್ಲ ನನ್ನನ್ನೇ ಹುಡುಕ್ಕೊಂಡು ಬರ್ಬೇಕಲ್ಲ ಸಾರ್," ಎಂದು ಮೇಡಂ ಮೆಲ್ಲಗೆ ಹೇಳಿದ್ದನ್ನು ಕೇಳಿದವರು ಇಂದಿಗೂ ಶಾಖೆಯಲ್ಲಿದ್ದಾರೆ.

ಹೊಸ ಪುಸ್ತಕ ಬಂದ ವಾರ ಸಂತೆಯಲ್ಲಿ ಟಗರೊಂದರ ವ್ಯಾಪಾರವಾಯಿತು. ಮೈದುನನಿಗೆ ಕೊಬ್ಬಿದ ಟಗರು ಬೇಕಿತ್ತು. ಅವಳು ಗುಡ್ಡ ಹತ್ತಬಲ್ಲ ಉದ್ದ ಕಾಲಿನದನ್ನು ಹಿಡಿದು ನಿಂತಿದ್ದಳು. ಮಾರುವವನು ರೂಢಿಯಂತೆ ಗಂಡಸಿನ ಮುಖ ನೋಡಿ, ಯಾವುದು ಎಂದು ಕೇಳಿದ. ಮೈದುನ ಅತ್ತಿಗೆಯ ಕಡೆ ಕೈ ತೋರಿಸಿ, "ಅವರನ್ನ ಕೇಳಪ್ಪ. ಚೆಕ್ಕು ಬರೆಯೋರು ಅವರು," ಎಂದ.

ಗೆರೆ ಮೇಡಂ ಅವರ ಕಣ್ಣು ಚುರುಕಾಗಿ, ಮೊಣಕಾಲು ಗಟ್ಟಿಯಾಗಿ ಬಹುಕಾಲ ಇರಲಿ. ಗುಡ್ಡದ ಹೆಂಗಸರು ಉಣ್ಣೆ ಕತ್ತರಿಸುವ ಚಪ್ಪರಕ್ಕೆ ಅವರನ್ನು ಕರೆದಿದ್ದಾರೆ, ಏರುದಾರಿ ಬಲು ಕಡಿದಾಗಿದೆ.